ಬರಹ ನಿಂತುಹೋಗಿದೆ, ಏನು ಮಾಡಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಕಥಾ ಕಮ್ಮಟಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ, ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಲೋಟ ಹಿಡಿದುಕೊಂಡು, ಪತ್ರದಲ್ಲಿ, ವಾಟ್ಸಾಪಿನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಕಥೆ, ಕವಿತೆ, ಪ್ರಬಂಧ, ಅಂಕಣ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದ್ದೇನೆ. ಪಿಎಚ್‌ಡಿ ಮಹಾಪ್ರಬಂಧದ ಜೊತೆ ಗುದ್ದಾಡುತ್ತಿರುವವರಿಗೂ ಅರ್ಧದಷ್ಟು ಉಪಯೋಗವಾದೀತು. ಮೊದಲಿಂದ ಓದಬೇಕೆಂದೇನಿಲ್ಲ, ನಿಮ್ಮ ಪ್ರಶ್ನೆ ಇರುವಲ್ಲಿಗೆ ನೇರ ಹೋಗಿ.

## ಶುರುವಿನಲ್ಲೇ ಸಿಕ್ಕಿಕೊಂಡವರಿಗೆ

ಬರೀಬೇಕಂತ ಕೂಡತೀನ್ರಿ, ಒಂದ್ ಸಾಲೂ ಬರವಲ್ದು. ಏನ್ ಮಾಡೂದ್ರಿ?

ಎಲ್ಲಿ ನಿಂತಿದೆ ಅಂತ ಮೊದಲು ಹುಡುಕಿ. "ಬರೆಯಲಾಗುತ್ತಿಲ್ಲ" ಅನ್ನುವುದು ಜ್ವರ ಇದ್ದ ಹಾಗೆ. ಒಬ್ಬರಿಗೆ ಶೀತಕ್ಕೆ ಬಂದಿರುತ್ತದೆ, ಇನ್ನೊಬ್ಬರಿಗೆ ಟೈಫಾಯ್ಡಿಗೆ. ಎಲ್ಲರಿಗೂ ಒಂದೇ ಮಾತ್ರೆ ಕೊಡಲಾಗದು. ಕೆಲವರಿಗೆ ಹೇಳುವ ವಿಷಯವೇ ಇನ್ನೂ ಕೂಡಿಬಂದಿರುವುದಿಲ್ಲ. ಕೆಲವರಿಗೆ ವಿಷಯ ಇರುತ್ತದೆ, ಒಳಹೋಗುವ ದಾರಿ ಸಿಕ್ಕಿರುವುದಿಲ್ಲ. ದಾರಿ ಸಿಕ್ಕವರಿಗೂ ಯಾರು ಓದಿ ಏನಂದಾರೋ ಎಂಬ ಅಂಜಿಕೆ. ಇನ್ನು ಕೆಲವರಿಗೆ ಬರೀ ದಣಿವು.

ಪತ್ತೆ ಹಚ್ಚಲು ಒಂದು ಸುಲಭದ ಪರೀಕ್ಷೆ ಇದೆ. ಫೋನಿನ ರೆಕಾರ್ಡರ್ ಆನ್ ಮಾಡಿ, ನಿಮ್ಮ ಅಕ್ಕನಿಗೋ ಗೆಳೆಯನಿಗೋ ಹೇಳುವ ಹಾಗೆ, ಬರೆಯಬೇಕು ಅಂದುಕೊಂಡಿದ್ದನ್ನು ಎರಡು ನಿಮಿಷ ಹೇಳಿ. ಮಾತು ಸರಾಗ ಬಂತೇ? ಹಾಗಾದರೆ ವಿಷಯ ಇದೆ, ತೊಡಕಿರುವುದು ಕಾಗದದ ಮುಂದೆ ಕೂತಾಗ. ಅರ್ಧ ನಿಮಿಷಕ್ಕೇ "ಅದೇ... ಒಂಥರಾ..." ಅಂತ ನಿಂತಿತೇ? ಹಾಗಾದರೆ ನಿಮಗೆ ಬೇಕಿರುವುದು ಕುರ್ಚಿ ಮೇಜಲ್ಲ. ಹೋಗಿ ಇನ್ನಷ್ಟು ಕೇಳಿ, ನೋಡಿ, ಓದಿ ಬನ್ನಿ. ಹೇಳುವಾಗ ಗಂಟಲು ಕಟ್ಟಿದರೆ, ಅಥವಾ ಯಾರಾದರೂ ಕೇಳಿಸಿಕೊಂಡಾರೆಂದು ದನಿ ತಗ್ಗಿದರೆ, ಅದು ಅಂಜಿಕೆಯ ಕೇಸು. ಕೆಳಗೆ ಬೇರೆ ಉತ್ತರ ಇದೆ.

ಇದು ನಿಜವಾದ ಸಮಸ್ಯೆನಾ, ಇಲ್ಲ ನನ್ನ ಸೋಮಾರಿತನಾನಾ?

ಸೋಮಾರಿಗೆ ಬರೆಯದಿದ್ದರೆ ಹಾಯಾಗಿರುತ್ತದೆ. ನಿಮಗೆ ಬರೆಯದೆ ಸಂಕಟವಾಗುತ್ತಿದೆ, ಇಲ್ಲದಿದ್ದರೆ ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ನಗು ಬೇಕಿದ್ದರೆ ಇದನ್ನು ಕೇಳಿ: 1974ರಲ್ಲಿ ಡೆನಿಸ್ ಅಪ್ಪರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ, ಬರಹ ನಿಂತುಹೋದ ತನ್ನ ಕಾಯಿಲೆಗೆ ತಾನೇ ಮಾಡಿಕೊಂಡ ಚಿಕಿತ್ಸೆ ಫಲಿಸಲಿಲ್ಲ ಎಂಬ ಶೀರ್ಷಿಕೆಯಲ್ಲಿ ಒಂದು ಸಂಶೋಧನ ಲೇಖನ ಪ್ರಕಟಿಸಿದ. ಶೀರ್ಷಿಕೆಯ ಕೆಳಗೆ ಪುಟ ಖಾಲಿ. ಗಂಭೀರ ವಿದ್ವತ್ ಪತ್ರಿಕೆಯೇ ಅದನ್ನು ಅಚ್ಚು ಹಾಕಿತು.

ಸ್ಫೂರ್ತಿ ಬರೋವರೆಗೂ ಕಾಯಬೇಕಲ್ವಾ ಮೇಡಂ? ಬಲವಂತವಾಗಿ ಬರೆದ್ರೆ ಕೃತಕ ಆಗಲ್ವಾ?

ಈ ಪ್ರಶ್ನೆ ಕೇಳುವವರಲ್ಲಿ ಕವಿಗಳೇ ಹೆಚ್ಚು. ಸ್ಫೂರ್ತಿ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅದು ಬರುವ ಹೊತ್ತಿಗೆ ನೀವು ಪೆನ್ನು ಹಿಡಿದು ಕೂತಿರಬೇಕಷ್ಟೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 1980ರ ದಶಕದಲ್ಲಿ ಕಾಲೇಜು ಅಧ್ಯಾಪಕರ ಬರವಣಿಗೆಯನ್ನು ಗಮನಿಸಿದ. ಮೂಡ್ ಬಂದಾಗ ಬರೆಯುತ್ತೇವೆ ಅಂದವರಿಗಿಂತ ಹೊತ್ತು ಗೊತ್ತುಮಾಡಿಕೊಂಡು ಬರೆದವರು ಹೆಚ್ಚು ಪುಟ ಬರೆದರು. ಅದು ಯಾರಾದರೂ ಊಹಿಸಬಹುದಾದದ್ದು. ಆದರೆ ಹೊಸ ಆಲೋಚನೆಗಳೂ ಅವರಿಗೇ ಹೆಚ್ಚು ಹೊಳೆದವು. ಕೃತಕವಾಗುತ್ತದೆ ಅನ್ನುವ ಅಂಜಿಕೆಗೆ ಅಲ್ಲಿ ಉತ್ತರ ಇದೆ.

ಇಂಗ್ಲೆಂಡಿನ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ನೌಕರ. ಬೆಳಗ್ಗೆ ಐದೂವರೆಗೆ ಮೇಜಿಗೆ ಕೂತು, ಗಡಿಯಾರ ಮುಂದಿಟ್ಟುಕೊಂಡು, ಕಾಲು ಗಂಟೆಗೆ 250 ಪದದ ಲೆಕ್ಕದಲ್ಲಿ ಬರೆದು, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದ. 47 ಕಾದಂಬರಿ ಬರೆದ. ನಮ್ಮಲ್ಲಿ ಪಿ. ಲಂಕೇಶ್ 1980ರಲ್ಲಿ ವಾರಪತ್ರಿಕೆ ಶುರು ಮಾಡಿ, 2000ದ ಜನವರಿಯಲ್ಲಿ ತೀರಿಕೊಳ್ಳುವವರೆಗೆ ಹೆಚ್ಚುಕಡಿಮೆ ಇಪ್ಪತ್ತು ವರ್ಷ ನಡೆಸಿದರು. ಅಚ್ಚಿನ ಮನೆ ಸ್ಫೂರ್ತಿಗೆ ಕಾಯುವುದಿಲ್ಲ. ಅಷ್ಟಾಗಿಯೂ ಅವರ ಗದ್ಯದ ಕಸುವು ಆ ಅವಸರದಲ್ಲೇ ಏರಿತೇ ಹೊರತು ಇಳಿಯಲಿಲ್ಲ ಎಂದೇ ನನ್ನ ಅಭಿಪ್ರಾಯ.

ಮೊದಲ ಸಾಲೇ ಕೂರ್ತಿಲ್ಲ. ಬರೆದು ಹೊಡೆದುಹಾಕಿ, ಬರೆದು ಹೊಡೆದುಹಾಕಿ ಸಾಕಾಗಿದೆ.

ಮೊದಲ ಸಾಲನ್ನು ಮೊದಲೇ ಬರೆಯಬೇಕೆಂದು ಯಾರೂ ಕಟ್ಟಪ್ಪಣೆ ಮಾಡಿಲ್ಲ. ನಿಮಗೆ ಅತಿ ಸ್ಪಷ್ಟವಾಗಿ ಕಾಣುತ್ತಿರುವ ದೃಶ್ಯದಿಂದ ಶುರು ಮಾಡಿ, ಅದು ಕಥೆಯ ನಡುವಿನದಾದರೂ ಸರಿ, ಕೊನೆಯದಾದರೂ ಸರಿ.

ಒಂದು ಕಮ್ಮಟದಲ್ಲಿ ಒಬ್ಬರು ಮನೆ ಪಾಲಾದ ಕಥೆ ಬರೆಯುತ್ತಿದ್ದರು. ಅವರ ಮೊದಲ ಸಾಲು: "ಹಣದ ಮುಂದೆ ಮಾನವ ಸಂಬಂಧಗಳು ಸದಾ ಸೋಲುತ್ತಲೇ ಬಂದಿವೆ." ಇದಾದ ಮೇಲೆ ಬರೆಯಲು ಏನು ಉಳಿಯಿತು? ಕಥೆಯ ತೀರ್ಪು ಮೊದಲೇ ಬಂದುಬಿಟ್ಟಿದೆ. ಹಾಗಾಗಿಯೇ ಅವರು ಮುಂದೆ ಹೋಗಲಾರದೆ ಕೂತಿದ್ದರು. "ಪಾಲಿನ ದಿನ ಏನಾಯ್ತು, ಸುಮ್ಮನೆ ಹೇಳಿ" ಅಂದೆ. ಅವರು ಹೇಳಿದರು: "ದೊಡ್ಡಪ್ಪ ಅಟ್ಟದಿಂದ ಕಂಚಿನ ಪಾತ್ರೆ ಇಳಿಸಿ ಜಗಲಿ ಮೇಲೆ ಜೋಡಿಸಿದ್ರು. ಏಳು ಪಾತ್ರೆ, ನಾಲ್ಕು ಜನ ಮಕ್ಕಳು. ಅಜ್ಜಿ ಒಂದನ್ನ ಎತ್ಕೊಂಡು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು." ಹಾಗೇ ಬರೆಯಿರಿ ಅಂದೆ. ಆರು ಪಾತ್ರೆ, ನಾಲ್ಕು ಜನ: ಇನ್ನು ಜಗಳ ತಾನಾಗಿಯೇ ಬರುತ್ತದೆ, ನೀವು ಬರೆದುಕೊಂಡರೆ ಸಾಕು.

ಶುರುವಿನ ಸಾಲು ತತ್ವದ ಹಾಗೆ ಕೇಳಿಸಿದರೆ ಅನುಮಾನಪಡಿ. ಯಾರೋ ಏನನ್ನೋ ಮಾಡುತ್ತಿರುವ ಸಾಲು ಮುಂದಿನ ಸಾಲನ್ನು ಎಳೆದುಕೊಂಡು ಬರುತ್ತದೆ.

ಮಾತಾಡುವಾಗ ಚೆನ್ನಾಗಿ ಹೇಳ್ತೀನಿ ಅಂತಾರೆ ಎಲ್ರೂ. ಬರೆಯೋಕೆ ಕೂತ್ರೆ ಪಠ್ಯಪುಸ್ತಕ ಆಗ್ಬಿಡುತ್ತೆ, ಬೇಜಾರಾಗಿ ಬಿಟ್ಟುಬಿಡ್ತೀನಿ.

ಕನ್ನಡದಲ್ಲಿ ಬರೆಯುವವರು ನಿಲ್ಲುವುದಕ್ಕೆ ಇದೇ ಅತಿ ದೊಡ್ಡ ಕಾರಣ ಅಂತ ನನಗನಿಸುತ್ತದೆ. ಆದರೆ ಬರವಣಿಗೆಯ ಬಗೆಗಿನ ಇಂಗ್ಲಿಷ್ ಪುಸ್ತಕಗಳಲ್ಲಿ ಇದರ ಸುದ್ದಿಯೇ ಸಿಗುವುದಿಲ್ಲ. ನಾವು ಮನೆಯಲ್ಲಿ ಒಂದು ಕನ್ನಡ ಆಡುತ್ತೇವೆ, ಶಾಲೆಯಲ್ಲಿ ಇನ್ನೊಂದು ಕನ್ನಡ ಬರೆಯುತ್ತೇವೆ. ಹತ್ತು ವರ್ಷ ಪ್ರಬಂಧ ಬರೆಸಿ, "ತೆರಳಿದನು", "ಉಂಟಾಯಿತು", "ಎಂಬುದಾಗಿ ತಿಳಿಸಿದನು" ಇಂಥವನ್ನೇ ಬರಹ ಅಂತ ಕೈಗೆ ಕಲಿಸಿಬಿಟ್ಟಿದ್ದಾರೆ. ಪೆನ್ನು ಹಿಡಿದ ಕೂಡಲೇ ಕೈ ಮೇಷ್ಟ್ರ ಮುಂದೆ ನಿಲ್ಲುತ್ತದೆ.

"ಅಜ್ಜಿಯು ಕೋಪಗೊಂಡು ಒಳಕೋಣೆಗೆ ತೆರಳಿದರು" ಅಂತ ಬರೆದಿದ್ದರೆ, ಅದನ್ನು ತಂಗಿಗೆ ಫೋನಿನಲ್ಲಿ ಹೇಗೆ ಹೇಳುತ್ತಿದ್ದಿರಿ ಅಂತ ಯೋಚಿಸಿ. "ಅಜ್ಜಿ ಸೆರಗು ಕೊಡವಿಕೊಂಡು ಒಳಗೆ ಹೋದರು. ಆಮೇಲೆ ಅಡುಗೆಮನೆಯಿಂದ ಪಾತ್ರೆ ಕುಕ್ಕುವ ಸದ್ದು." ಕೋಪ ಅನ್ನುವ ಪದವೇ ಬೇಕಾಗಲಿಲ್ಲ.

ನಿರೂಪಣೆಯೂ ಆಡುಮಾತಿನಲ್ಲೇ ಇರಬೇಕಾ? ಅದು ನಿಮ್ಮ ಆಯ್ಕೆ. ದೇವನೂರ ಮಹಾದೇವ ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಇಡೀ ಕಾದಂಬರಿ ಕಟ್ಟಿದರು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬೇಂದ್ರೆಯವರ ಧಾರವಾಡ ಕನ್ನಡದ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಆದರೆ ಎಲ್ಲರೂ ಅಷ್ಟು ದೂರ ಹೋಗಬೇಕಿಲ್ಲ. ಸಂಭಾಷಣೆ ಊರ ಮಾತಿನಲ್ಲಿ, ನಿರೂಪಣೆ ಸರಳ ಬರಹದ ಕನ್ನಡದಲ್ಲಿ ಇಟ್ಟುಕೊಂಡು ಒಳ್ಳೆಯ ಕಥೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಮೊದಲ ಕರಡನ್ನಂತೂ ಬಾಯಿಗೆ ಬಂದ ಕನ್ನಡದಲ್ಲೇ ಬರೆಯಿರಿ. ಒತ್ತಕ್ಷರ, ವಿಭಕ್ತಿ ಎಲ್ಲ ತಿದ್ದುವ ದಿನಕ್ಕಿರಲಿ.

ಒಂದು ಇಂಗ್ಲಿಷ್ ಪದ ಬಂದ್ರೆ ಅದಕ್ಕೆ ಕನ್ನಡ ಹುಡುಕ್ತಾ ಅರ್ಧ ಗಂಟೆ ಹೋಗುತ್ತೆ. ಏನ್ಮಾಡ್ಲಿ?

ಹುಡುಕಬೇಡಿ. ಫ್ರಿಡ್ಜನ್ನು ಫ್ರಿಡ್ಜ್ ಅಂತಲೇ ಬರೆದು ಮುಂದೆ ಹೋಗಿ. ನಿಜವಾಗಿಯೂ ಬೇರೆ ಪದ ಬೇಕೆನಿಸಿದರೆ ಅಲ್ಲೊಂದು ನಕ್ಷತ್ರದ ಗುರುತು ಹಾಕಿಡಿ. ಮುಗಿದ ಮೇಲೆ ನೋಡಿದರೆ ಆ ನಕ್ಷತ್ರಗಳಲ್ಲಿ ಅರ್ಧ ಇರುವ ವಾಕ್ಯಗಳನ್ನೇ ನೀವು ಕಿತ್ತುಹಾಕಿರುತ್ತೀರಿ.

## ಹೊತ್ತು, ಜಾಗ, ಸಲಕರಣೆ

ಬೆಳಗ್ಗೆ ಆಫೀಸು, ಸಂಜೆ ಮಕ್ಕಳ ಹೋಂವರ್ಕು, ಅತ್ತೆ ಮಾವ ಬೇರೆ ಇದ್ದಾರೆ. ಟೈಮೇ ಇಲ್ಲ, ಹೇಗೆ ಬರೀಲಿ?

"ಟೈಮ್ ಮಾಡ್ಕೊಳ್ಳಿ" ಅಂತ ವೇದಿಕೆ ಮೇಲಿಂದ ಹೇಳುವವರ ಮನೆಯಲ್ಲಿ ಸಾಮಾನ್ಯವಾಗಿ ಬೇರೆ ಯಾರೋ ಅಡುಗೆ ಮಾಡುತ್ತಿರುತ್ತಾರೆ. ಆದ್ದರಿಂದ ಆ ಮಾತು ನಾನು ಹೇಳುವುದಿಲ್ಲ. ಮನೆಯವರ ಹತ್ತಿರ ಬಾಯಿಬಿಟ್ಟು ಕೇಳಿ: ವಾರದಲ್ಲಿ ಮೂರು ದಿನ, ಇಂಥ ಹೊತ್ತಿಂದ ಇಂಥ ಹೊತ್ತಿಗೆ ನನ್ನನ್ನು ಕರೆಯಬೇಡಿ. ಯಾಕೆ ಅಂತ ಕೇಳಿದರೆ ಬರೆಯುತ್ತೇನೆ ಅಂತಲೇ ಹೇಳಿ. ಕದ್ದು ಬರೆಯುವವರಿಗೆ ಅಡ್ಡಿ ಜಾಸ್ತಿ, ಯಾಕೆಂದರೆ ಅವರು ಕೆಲಸದಲ್ಲಿದ್ದಾರೆ ಅಂತ ಯಾರಿಗೂ ಗೊತ್ತೇ ಇರುವುದಿಲ್ಲ.

ಇಪ್ಪತ್ತು, ಇಪ್ಪತ್ತೈದು ನಿಮಿಷ ಸಿಕ್ಕರೂ ಆಗುತ್ತದೆ, ಒಂದು ಷರತ್ತಿನ ಮೇಲೆ: ಕೂತ ಮೇಲೆ ಏನು ಬರೆಯಲಿ ಅಂತ ಯೋಚಿಸುವ ಹಾಗಿರಬಾರದು. ಆ ಯೋಚನೆಯನ್ನು ಸೊಪ್ಪು ಬಿಡಿಸುವಾಗ, ಬಸ್ಸಿನಲ್ಲಿ ನಿಂತಾಗ ಮುಗಿಸಿಕೊಳ್ಳಿ. "ಇವತ್ತು: ಅಜ್ಜಿ ಬಾಗಿಲು ತೆಗೆಯುವುದು" ಅಂತ ಒಂದು ಚೀಟಿ ಬರೆದಿಟ್ಟುಕೊಂಡರೆ ಇಪ್ಪತ್ತು ನಿಮಿಷದಲ್ಲಿ ಮುಕ್ಕಾಲು ಪುಟ ಬಂದೀತು.

ತಡವಾಯಿತು ಅಂತ ಕೊರಗುವವರಿಗೆ ಎಂ.ಕೆ. ಇಂದಿರಾ ಅವರನ್ನು ನೆನಪಿಸುತ್ತೇನೆ. 1917ರಲ್ಲಿ ಹುಟ್ಟಿದವರು, ಹೆಚ್ಚು ಶಾಲೆ ಕಂಡವರಲ್ಲ, ಸಂಸಾರ ತೂಗಿಸಿದವರು. ಕಾದಂಬರಿಗೆ ಕೈಹಾಕಿದ್ದು ನಲವತ್ತೈದರ ಆಸುಪಾಸಿನಲ್ಲಿ, ಮೊದಲನೆಯದು ಬಂದದ್ದು 1963ರಲ್ಲಿ. ಆಮೇಲೆ ಬರೆದದ್ದು ಒಂದು ಕಪಾಟು ತುಂಬುವಷ್ಟು.

ದಿನಕ್ಕೆ ಎಷ್ಟು ಪದ ಬರೀಬೇಕು? ಸಾವಿರ ಅಂತಾರೆ.

ಆ ಸಾವಿರ ಇಂಗ್ಲಿಷಿನವರ ಲೆಕ್ಕ. ನಮ್ಮ ಪದಗಳು ಉದ್ದ. ಇಂಗ್ಲಿಷಿನ ಸಾವಿರ ಪದದ ಗದ್ಯ ಕನ್ನಡದಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ಪದ ಎಣಿಸುವ ಬದಲು ಪುಟ ಎಣಿಸಿ. ನೋಟ್‌ಬುಕ್ಕಿನಲ್ಲಿ ಒಂದು ಪುಟ ಸಾಕು. ಜ್ವರವಿದ್ದ ದಿನವೂ ಬರೆಯಬಹುದಾದಷ್ಟು ಚಿಕ್ಕ ಗುರಿ ಇಟ್ಟುಕೊಳ್ಳಿ. ಉತ್ಸಾಹದಲ್ಲಿ ಐದು ಪುಟದ ಗುರಿ ಹಾಕಿಕೊಂಡವರು ಎರಡನೇ ವಾರಕ್ಕೆ ನೋಟ್‌ಬುಕ್ಕಿನ ಮುಖವನ್ನೇ ನೋಡದಿರುವುದನ್ನು ಕಂಡಿದ್ದೇನೆ.

ಒಂದು ದಿನ ತಪ್ಪಿದರೆ ಮರುದಿನ ಎರಡು ಪುಟ ಬರೆದು ಸಾಲ ತೀರಿಸಲು ಹೋಗಬೇಡಿ. ತಪ್ಪಿದ್ದು ತಪ್ಪಿತು, ಅಷ್ಟೆ.

ಪೆನ್ನಲ್ಲಿ ಬರೆಯೋದಾ, ಮೊಬೈಲಲ್ಲಾ? ಟೈಪಿಂಗ್ ನಿಧಾನ, ಅಷ್ಟರಲ್ಲಿ ಹೇಳ್ಬೇಕಾಗಿದ್ದು ಮರೆತೇ ಹೋಗುತ್ತೆ.

ಕನ್ನಡ ಟೈಪಿಂಗ್ ಇನ್ನೂ ಕೈಗೆ ಕೂತಿಲ್ಲದಿದ್ದರೆ ಮೊದಲ ಕರಡನ್ನು ಪೆನ್ನಿನಲ್ಲಿ ಬರೆಯುವುದೇ ಮೇಲು. ಒಂದು ಒತ್ತಕ್ಷರಕ್ಕೆ ಮೂರು ಕೀಲಿ ಒತ್ತುತ್ತಾ ಕೂತರೆ ವಾಕ್ಯದ ಬಾಲ ಕೈತಪ್ಪುತ್ತದೆ. ಟೈಪಿಂಗ್ ಕಲಿಯುವುದಾದರೆ ಒಂದೇ ಕೀಲಿಮಣೆಗೆ ಅಂಟಿಕೊಳ್ಳಿ. ನುಡಿ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ವಿನ್ಯಾಸ ರೂಢಿಯಾದರೆ ಕೈ ಬೇಗ ಓಡುತ್ತದೆ, ಯಾಕೆಂದರೆ ಅದರಲ್ಲಿ ಕೀಲಿಗಳನ್ನು ಒತ್ತುವುದು ಕಡಿಮೆ. 1998ರಲ್ಲಿ ಬಂದ ಬರಹ ತಂತ್ರಾಂಶದಿಂದ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆದು ರೂಢಿಯಾದವರು ಅದನ್ನೇ ಮುಂದುವರಿಸಲಿ, ಬದಲಿಸಿ ಏನೂ ಆಗಬೇಕಿಲ್ಲ. ಯಾವ ಫೋನು, ಕಂಪ್ಯೂಟರಿನಲ್ಲಾದರೂ ಓದಲು ಬರುವ ಯೂನಿಕೋಡಿನಲ್ಲೇ ಉಳಿಸಿಡಿ. ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿರುವ ಕಡತಗಳನ್ನು ಇವತ್ತೇ ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಟ್ಟುಕೊಳ್ಳಿ. ಇಲ್ಲವಾದರೆ ಹತ್ತು ವರ್ಷದ ಹಿಂದಿನ ಅರ್ಧ ಕಥೆ ತೆರೆದಾಗ ಅರ್ಥವಾಗದ ಗುರುತುಗಳ ಸಾಲು ಎದುರಾಗುತ್ತದೆ.

ಧ್ವನಿ ಟೈಪಿಂಗ್ ಬಗ್ಗೆ ಹೆಚ್ಚು ಜನ ಯೋಚಿಸುವುದೇ ಇಲ್ಲ. ಗೂಗಲ್ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಮಾತಾಡಿದರೆ ಅದು ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಪೂರ್ಣವಿರಾಮ ನೀವೇ ಹಾಕಬೇಕು, ಕುಂದಾಪುರ ಕನ್ನಡವನ್ನೋ ಕಲಬುರಗಿ ಕನ್ನಡವನ್ನೋ ಅದು ತನಗೆ ತೋಚಿದಂತೆ ತಿರುಚುತ್ತದೆ. ಆದರೂ "ಮಾತು ಬರುತ್ತೆ, ಬರಹ ಬರಲ್ಲ" ಅನ್ನುವವರಿಗೆ ಇದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ.

ಮನೇಲಿ ಕೂತು ಬರೆಯೋಕೆ ಜಾಗ ಇಲ್ಲ.

ಊರಿನ ಕೇಂದ್ರ ಗ್ರಂಥಾಲಯದ ಓದುವ ಕೋಣೆ ನೋಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ನಡುವೆ ಕೂತರೆ ಅವರ ಶಿಸ್ತು ನಿಮಗೂ ಸ್ವಲ್ಪ ಅಂಟುತ್ತದೆ. ಬೆಳಗಿನ ಹೊತ್ತು ದೇವಸ್ಥಾನದ ಪೌಳಿಯೂ ಆದೀತು.

ಐದು ನಿಮಿಷಕ್ಕೊಮ್ಮೆ ಮೊಬೈಲ್ ನೋಡ್ತೀನಿ.

ಬೇರೆ ಕೋಣೆಯಲ್ಲಿಡಿ. ಮೊಬೈಲಿನಲ್ಲೇ ಬರೆಯುವವರು ಫ್ಲೈಟ್ ಮೋಡ್ ಹಾಕಿಕೊಳ್ಳಿ. ಇದಕ್ಕಿಂತ ಜಾಣ ಉಪಾಯ ನನ್ನ ಹತ್ತಿರ ಇಲ್ಲ.

## ನಡುದಾರಿಯಲ್ಲಿ ನಿಂತವರಿಗೆ

ಹತ್ತು ಪುಟ ಸಲೀಸಾಗಿ ಬಂತು ಅಂತ ಖುಷಿಯಾಗಿದ್ದೆ ಮೇಡಂ, ಆಮೇಲೆ ಗಾಡಿ ಕೆಟ್ಟು ನಿಂತೇಹೋಯ್ತು. ಮುಂದೇನು ಅಂತಾನೇ ತೋಚ್ತಿಲ್ಲ.

ಹತ್ತನೇ ಪುಟದಲ್ಲಿ ನಿಂತಿದ್ದರೆ ಕೆಟ್ಟಿರುವುದು ಸಾಮಾನ್ಯವಾಗಿ ಏಳನೆಯದರಲ್ಲೋ ಎಂಟನೆಯದರಲ್ಲೋ. ಖಾಲಿ ಪುಟವನ್ನು ದಿಟ್ಟಿಸುವುದು ಬಿಟ್ಟು ಹಿಂದಕ್ಕೆ ಹೋಗಿ ಓದಿ. ಓದುವಾಗ "ಹೇಗೋ", "ಅಷ್ಟರಲ್ಲಿ", "ಆಕಸ್ಮಿಕವಾಗಿ", "ಏನಾಯಿತೋ ಏನೋ" ಇಂಥ ಪದಗಳ ಕೆಳಗೆ ಗೆರೆ ಎಳೆಯಿರಿ. ಕಥೆ ಹೋಗಬೇಕಿದ್ದ ದಾರಿ ಬಿಟ್ಟು, ನಿಮಗೆ ಬೇಕಾದ ದಾರಿಗೆ ನೀವು ಅದನ್ನು ನೂಕಿದ್ದು ಹೆಚ್ಚಾಗಿ ಅಲ್ಲೇ.

ಒಬ್ಬ ಯುವಕನ ಕರಡು ನೆನಪಾಗುತ್ತದೆ. ಬೀದರಿಗೆ ವರ್ಗವಾದ ಬ್ಯಾಂಕ್ ಗುಮಾಸ್ತ ವರ್ಷಗಳ ನಂತರ ಊರಿಗೆ ಬರುತ್ತಾನೆ. ಕಾಲೇಜಿನಲ್ಲಿ ಮೆಚ್ಚಿದ್ದ ಹುಡುಗಿ ಈಗ ಅದೇ ಊರಿನಲ್ಲಿ ಟೀಚರ್. "ಹೇಗೋ ಅವಳ ನಂಬರ್ ಸಂಪಾದಿಸಿದ" ಅಂತ ಒಂದು ವಾಕ್ಯ. ಅಲ್ಲಿಂದ ಎರಡು ಪುಟಕ್ಕೆ ಕಥೆ ಸತ್ತಿತ್ತು. ಮೊದಲ ಆರು ಪುಟದಲ್ಲಿ ಈ ಮನುಷ್ಯ ಹೋಟೆಲಿನಲ್ಲಿ ಎರಡನೇ ಸಲ ಸಾಂಬಾರ್ ಕೇಳಲೂ ಸಂಕೋಚಪಡುವವನು. ಅಂಥವನು ಯಾರನ್ನು ನಂಬರ್ ಕೇಳಿದ? ಏನಂತ ಕೇಳಿದ? ಅದನ್ನು ಬರೆಯಲು ಕೂತಾಗ ಅಂಚೆಯಣ್ಣ ಬಂದ, ಅವನ ಬಾಯಿಂದ ಊರಿಗೆಲ್ಲ ಸುದ್ದಿ ಹೋಯಿತು, ಕಥೆ ಹದಿನೆಂಟು ಪುಟಕ್ಕೆ ಬೆಳೆಯಿತು. ಹುಡುಗಿಯ ಭೇಟಿ ಕೊನೆಗೂ ಆಗಲೇ ಇಲ್ಲ, ಅದರ ಅಗತ್ಯವೂ ಬೀಳಲಿಲ್ಲ.

ಹಿಂದೆ ಹೋಗಿ ನೋಡಿಯೂ ತಪ್ಪು ಸಿಗದಿದ್ದರೆ, ಮುಂದೆ ಆಗಬಹುದಾದ ಹತ್ತು ಸಂಗತಿಗಳನ್ನು ಪಟ್ಟಿ ಮಾಡಿ. ಮೊದಲ ಮೂರು ಯಾರಿಗಾದರೂ ಹೊಳೆಯುವಂಥವು. ಆರರ ನಂತರದ್ದರಲ್ಲಿ ಹುಡುಕಿ.

ಇನ್ನು ಮುಂದೆ ಹೀಗಾಗದಿರಲು ಅಮೆರಿಕದ ಕಾದಂಬರಿಕಾರ ಹೆಮಿಂಗ್ವೆಯ ಒಂದು ರೂಢಿ ಇದೆ: ಮುಂದೇನಾಗುತ್ತದೆಂದು ಗೊತ್ತಿರುವಾಗಲೇ ಆ ದಿನದ ಬರಹ ನಿಲ್ಲಿಸಿಬಿಡುವುದು. ಎಲ್ಲವನ್ನೂ ಬರೆದು ಖಾಲಿಯಾಗಿ ಏಳಬೇಡಿ.

ಬರೆದಿದ್ದನ್ನೇ ತಿದ್ದುತ್ತಾ ಇರ್ತೀನಿ. ಮೂರು ತಿಂಗಳಿಂದ ಮೊದಲ ಅಧ್ಯಾಯದಲ್ಲೇ ಇದ್ದೀನಿ.

ಬರೆಯುವ ದಿನ ಬೇರೆ, ತಿದ್ದುವ ದಿನ ಬೇರೆ ಮಾಡಿಕೊಳ್ಳಿ. ಬರೆಯುವ ದಿನ ಹಿಂದಿನ ಒಂದು ಪ್ಯಾರಾಕ್ಕಿಂತ ಹೆಚ್ಚು ಓದಬಾರದು ಅಂತ ಕಟ್ಟುನಿಟ್ಟು ಇರಲಿ. ತಿದ್ದಬೇಕಾದದ್ದು ನೆನಪಾದರೆ ಬೇರೆ ಹಾಳೆಯಲ್ಲಿ ಬರೆದಿಡಿ: "ಮಾವನ ಹೆಸರು ಬದಲಿಸು", "ಮಳೆಗಾಲ ಅಂದಿದ್ದೀನಿ, ಇಲ್ಲಿ ಮಾವಿನಹಣ್ಣು ಬಂದಿದೆ, ಸರಿಮಾಡು". ಬರೆದಿಟ್ಟರೆ ಮನಸ್ಸು ಅದನ್ನು ಅಲ್ಲಿಗೆ ಬಿಡುತ್ತದೆ.

1973ರಲ್ಲಿ ಪೀಟರ್ ಎಲ್ಬೋ ಎಂಬ ಅಮೆರಿಕದ ಅಧ್ಯಾಪಕರು ಪ್ರಚಾರಕ್ಕೆ ತಂದ ಅಭ್ಯಾಸವೂ ಇಂಥವರಿಗೆ ಹಿಡಿಸುತ್ತದೆ: ಹತ್ತು ನಿಮಿಷ ಕೈ ನಿಲ್ಲಿಸದೆ, ಹೊಡೆದುಹಾಕದೆ, ಹಿಂದೆ ನೋಡದೆ ಬರೆಯುವುದು. ಏನೂ ತೋಚದಿದ್ದರೆ "ಏನೂ ತೋಚುತ್ತಿಲ್ಲ" ಅಂತಲೇ ಬರೆಯುತ್ತಾ ಹೋಗುವುದು. ಬಂದದ್ದರಲ್ಲಿ ಹೆಚ್ಚಿನದು ಹೊಟ್ಟು. ಕೈಗೆ ಅಂಟಿದ ಜಿಗುಟು ಬಿಡುವುದೇ ಲಾಭ.

ಮನೆಯವರು, ನೆಂಟರು ಓದಿದ್ರೆ ಏನಂದ್ಕೋತಾರೋ ಅಂತ ಕೈ ನಡುಗುತ್ತೆ. ಅತ್ತೆ ಪಾತ್ರ ಬರೆದ್ರೆ ನಮ್ಮತ್ತೆ ಅಂತಾರೆ.

ಅಂತಾರೆ. ಅದನ್ನು ತಪ್ಪಿಸಲಾಗದು. ಅತ್ತೆಯೇ ಇಲ್ಲದ ಕಥೆ ಬರೆದರೂ ಯಾರೋ ಒಬ್ಬರು ತಮ್ಮನ್ನು ಅದರಲ್ಲಿ ಹುಡುಕಿಕೊಳ್ಳುತ್ತಾರೆ.

ಬರೆಯುವುದು ಮತ್ತು ಪ್ರಕಟಿಸುವುದು ಎರಡು ಬೇರೆ ತೀರ್ಮಾನ. ಬರೆಯುವಾಗ ಎರಡನೆಯದನ್ನು ಯೋಚಿಸಬೇಡಿ. ಡ್ರಾಯರಿನಲ್ಲಿರುವ ಹಾಳೆಯನ್ನು ಯಾವ ಚಿಕ್ಕಮ್ಮನೂ ಓದುವುದಿಲ್ಲ. ಮುಗಿದ ಮೇಲೆ ಊರು ಬದಲಿಸಿ, ಕಸುಬು ಬದಲಿಸಿ, ಇಬ್ಬರನ್ನು ಒಬ್ಬರಾಗಿಸಿ. ಹೆಸರು ಮಾತ್ರ ಬದಲಿಸಿದರೆ ಸಾಲದು. ನೆಂಟರು ಗುರುತು ಹಿಡಿಯುವುದು ಮಾತಿನ ವರಸೆಯಿಂದ. ಬದುಕಿರುವವರ ಕಾಯಿಲೆ, ಗುಟ್ಟು, ಹಣದ ವ್ಯವಹಾರ ಹಾಗೆಹಾಗೇ ಬಂದಿದ್ದರೆ ಅದನ್ನು ತೆಗೆಯಿರಿ ಅಂತಲೇ ನಾನು ಹೇಳುವುದು, ಕಥೆಗೆ ಸ್ವಲ್ಪ ನಷ್ಟವಾದರೂ. ಇದನ್ನು ಒಪ್ಪದ ಲೇಖಕ ಮಿತ್ರರು ನನಗಿದ್ದಾರೆ.

ದೊಡ್ಡವರನ್ನ ಓದಿದ ಮೇಲೆ ನಾನು ಬರೆಯೋದೇ ದಂಡ ಅನ್ಸುತ್ತೆ.

ನಿಮ್ಮ ಮೊದಲ ಕರಡನ್ನು ಅವರ ಕೊನೆಯ ಕರಡಿನ ಪಕ್ಕ ಇಟ್ಟು ನೋಡುತ್ತಿದ್ದೀರಿ. ಕುವೆಂಪು 1936ರಲ್ಲಿ ಕೈಹಾಕಿದ ರಾಮಾಯಣ ದರ್ಶನ ಮುಗಿಯಲು ಸುಮಾರು ಒಂಬತ್ತು ವರ್ಷ ಹಿಡಿಯಿತು, ಅದೂ ಕಾಲೇಜಿನಲ್ಲಿ ಪಾಠ ಮಾಡುತ್ತಾ. ನಿಮ್ಮ ಕಥೆಗೆ ನೀವು ಮೂರು ವಾರ ಕೊಟ್ಟಿದ್ದೀರಿ.

ಬರೆಯುವ ದಿನಗಳಲ್ಲಿ ನಿಮ್ಮದೇ ಪ್ರಕಾರದ ದೊಡ್ಡ ಕೃತಿ ಓದಬೇಡಿ. ಕಥೆ ಬರೆಯುತ್ತಿದ್ದರೆ ಪ್ರವಾಸಕಥನ ಓದಿ, ಕವಿತೆ ಬರೆಯುತ್ತಿದ್ದರೆ ವಿಜ್ಞಾನ ಓದಿ. ಇಲ್ಲದಿದ್ದರೆ ಅವರ ವಾಕ್ಯದ ಲಯ ನಿಮ್ಮ ಕಿವಿಯಲ್ಲಿ ಕೂತು ನಿಮ್ಮದನ್ನು ಒದ್ದೋಡಿಸುತ್ತದೆ.

ಪತ್ರಿಕೆಗೆ ಕಳಿಸಿದ ಕಥೆಗೆ ಉತ್ತರಾನೇ ಬರ್ಲಿಲ್ಲ. ಆಮೇಲೆ ಬರೆಯೋ ಮನಸ್ಸೇ ಹೋಯ್ತು.

ನಮ್ಮ ವಾರಪತ್ರಿಕೆ, ಪುರವಣಿ, ಮಾಸಪತ್ರಿಕೆಗಳಲ್ಲಿ ಉತ್ತರ ಬಾರದಿರುವುದೇ ಹೆಚ್ಚು. ಅದನ್ನು ನಿಮ್ಮ ಕಥೆಯ ಮೇಲಿನ ತೀರ್ಪು ಅಂದುಕೊಳ್ಳಬೇಡಿ. ಎಷ್ಟೋ ಸಲ ಅದನ್ನು ಯಾರೂ ತೆರೆದೇ ಇರುವುದಿಲ್ಲ. ಒಂದಿಬ್ಬರು ಉಪಸಂಪಾದಕರ ಮೇಲೆ ಬರುವ ಹೊರೆ ಹಾಗಿರುತ್ತದೆ. ಕಳಿಸಿದ ದಿನಾಂಕ, ಕಥೆ, ಪತ್ರಿಕೆ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮೂರು ತಿಂಗಳಾದರೂ ಸುದ್ದಿಯಿಲ್ಲದಿದ್ದರೆ "ಬೇರೆಡೆಗೆ ಕಳಿಸುತ್ತಿದ್ದೇನೆ" ಅಂತ ಒಂದು ಸಾಲು ಬರೆದು ಬೇರೆ ಕಡೆ ಕಳಿಸಿ. ಒಂದೇ ಕಥೆಯನ್ನು ಎರಡು ಕಡೆ ಒಟ್ಟಿಗೆ ಕಳಿಸಬೇಡಿ. ಎರಡೂ ಕಡೆ ಅಚ್ಚಾದರೆ ಇಬ್ಬರು ಸಂಪಾದಕರ ನಂಬಿಕೆಯೂ ಹೋಯಿತು.

ಒಂದನ್ನು ಅಂಚೆಗೆ ಹಾಕುವ ಮುಂಚೆಯೇ ಇನ್ನೊಂದನ್ನು ಶುರು ಮಾಡಿರಿ. ಕಾಯುವ ಕೈ ಖಾಲಿ ಇರಬಾರದು. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗಳಿಂದ ಕೊನೆಯ ದಿನಾಂಕ ಅನ್ನುವುದೊಂದು ಸಿಗುತ್ತದೆ. ಬಹುಮಾನಕ್ಕಿಂತ ಆ ದಿನಾಂಕವೇ ಹೆಚ್ಚು ಕಥೆಗಳನ್ನು ಮುಗಿಸಿಸಿದೆ.

## ಬಹಳ ಕಾಲದಿಂದ ಬರೆಯುತ್ತಿರುವವರಿಗೆ

ಮೊದಲ ಸಂಕಲನ ಬಂದು, ಬಹುಮಾನಾನೂ ಬಂತು. ಅಲ್ಲಿಂದ ಒಂದು ಸಾಲೂ ಬರೆದಿಲ್ಲ.

ಈಗ ನೀವು ಕಥೆ ಬರೆಯಲು ಕೂರುತ್ತಿಲ್ಲ, ಎರಡನೇ ಪುಸ್ತಕ ಬರೆಯಲು ಕೂರುತ್ತಿದ್ದೀರಿ. ಬೆನ್ನ ಹಿಂದೆ ವಿಮರ್ಶಕರು, ಬಹುಮಾನದ ಸಮಿತಿ, ಬಿಡುಗಡೆಗೆ ಬಂದ ಅತಿಥಿಗಳು ಎಲ್ಲ ನಿಂತಿದ್ದಾರೆ. ಯಾರೂ ಕೇಳಿರದ ಪ್ರಕಾರಕ್ಕೆ ಹೋಗಿ. ಕಾರಂತರು ಕಾದಂಬರಿಯ ನಡುನಡುವೆ ಯಕ್ಷಗಾನ, ಮಕ್ಕಳಿಗಾಗಿ ವಿಶ್ವಕೋಶ, ವಿಜ್ಞಾನದ ಬರಹ ಅಂತ ಓಡಾಡಿದರು. ಕುವೆಂಪು ಅವರ ಎರಡು ಕಾದಂಬರಿಗಳ ನಡುವೆ ಸುಮಾರು ಮೂವತ್ತು ವರ್ಷದ ಅಂತರ ಇದೆ. ಆ ಅವಧಿಯಲ್ಲಿ ಅವರು ಸುಮ್ಮನಿರಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು.

ನನ್ನ ಮೊದಲ ಸಲಹೆ ಅನುವಾದ. ಬೇರೆಯವರ ಕಥೆಯನ್ನು ಕನ್ನಡಕ್ಕೆ ತರುವಾಗ ಏನು ಹೇಳಲಿ ಎಂಬ ಹೊರೆ ಇರುವುದಿಲ್ಲ, ಹೇಗೆ ಹೇಳಲಿ ಎಂಬುದಷ್ಟೇ ಉಳಿಯುತ್ತದೆ. ವಾಕ್ಯ ಕಟ್ಟುವ ಕೈ ಬಿಸಿಯಾಗಿರುತ್ತದೆ. ಪ್ರಕಟಿಸುವುದಾದರೆ ಮೂಲ ಲೇಖಕರ ಅನುಮತಿ ಕೇಳಿ.

ಊರು ಬಿಟ್ಟು ಇಪ್ಪತ್ತು ವರ್ಷವಾಯ್ತು, ಈಗ ನ್ಯೂಜೆರ್ಸಿಯಲ್ಲಿದ್ದೀವಿ. ಕನ್ನಡದಲ್ಲಿ ಬರೀಬೇಕು, ಭಾಷೆ ಒಣಗಿಹೋಗಿದೆ.

ದೂರ ಇರುವುದು ಅಡ್ಡಿಯೇ ಆಗಬೇಕೆಂದಿಲ್ಲ. ಅನಂತಮೂರ್ತಿಯವರು ತಮ್ಮ ಹೆಸರಾಂತ ಮೊದಲ ಕಾದಂಬರಿ ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ, ಪಿಎಚ್‌ಡಿಗೆಂದು ಹೋಗಿದ್ದಾಗ. ಎ.ಕೆ. ರಾಮಾನುಜನ್ ಷಿಕಾಗೋದಲ್ಲಿ ಪಾಠ ಹೇಳುತ್ತಲೇ ಕನ್ನಡ ಕವಿತೆ ಬರೆದರು. ಮೊದಲ ಕನ್ನಡ ಸಂಕಲನ 1969ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂತು.

ನಾನು ಕಂಡಂತೆ ಹೊರದೇಶದ ಕನ್ನಡಿಗರ ಬರಹ ನಿಲ್ಲುವುದು ಭಾಷೆ ಒಣಗಿದ್ದಕ್ಕಲ್ಲ. ಇಪ್ಪತ್ತು ವರ್ಷದ ಹಿಂದಿನ ಊರನ್ನೇ ಬರೆಯಲು ಹೋಗಿ, ಅದು ಈಗ ಹಾಗಿಲ್ಲ ಅನ್ನುವ ಅಳುಕಿಗೆ. ಅಲ್ಲಿಯದನ್ನು ಬರೆಯಿರಿ. ಹಿಮ ತೆಗೆಯುವ ಬೆಳಗು, ಮಗ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವುದು, ಅಪ್ಪನ ಆರೋಗ್ಯದ ಸುದ್ದಿ ವಾಟ್ಸಾಪಿನಲ್ಲಿ ನಡುರಾತ್ರಿ ಬರುವುದು: ಇದನ್ನು ಕನ್ನಡದಲ್ಲಿ ಬರೆಯಬಲ್ಲವರು ನೀವೇ, ಮಂಡ್ಯದಲ್ಲಿರುವವರಲ್ಲ. ಮಾತಿನ ಹದಕ್ಕೆ ಊರಿಂದ ಬರುವ ವಾಯ್ಸ್ ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡು ಮತ್ತೆ ಮತ್ತೆ ಕೇಳಿ.

ಎಐ ಹತ್ರ ಮೊದಲ ಕರಡು ಬರೆಸ್ಕೊಂಡು ನಾವು ತಿದ್ದಿಕೊಂಡ್ರೆ ತಪ್ಪೇನು?

ತಪ್ಪು ಸರಿ ಆಮೇಲೆ, ಉಪಯೋಗವಿಲ್ಲ. ಯಂತ್ರ ಕೊಡುವುದು ಯಾರ ಬಾಯಲ್ಲೂ ಇಲ್ಲದ, ಎಲ್ಲ ಮೂಲೆಗಳನ್ನೂ ಉಜ್ಜಿ ನುಣುಪು ಮಾಡಿದ ಕನ್ನಡ. ಅದನ್ನು ತಿದ್ದಿ ನಿಮ್ಮದಾಗಿಸಲು ಹೊಸದಾಗಿ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಸ್ಪರ್ಧೆಗೆ ಕಳಿಸುವುದಾದರೆ ನಿಯಮಾವಳಿಯನ್ನೂ ನೋಡಿಕೊಳ್ಳಿ. ಬೇಕಿದ್ದರೆ ತಿರುಗುಮುರುಗು ಮಾಡಿ: ನಿಮ್ಮ ಕಥೆಯ ಸಾರ ಹೇಳಿ, ನನಗೆ ಹತ್ತು ಪ್ರಶ್ನೆ ಕೇಳು ಅನ್ನಿ. ಉತ್ತರ ನೀವು ಬರೆಯಿರಿ.

ಇದು ಬರಹದ ತೊಂದರೆನೋ ಮನಸ್ಸಿನ ತೊಂದರೆನೋ ಹೇಗೆ ಗೊತ್ತಾಗೋದು?

ಬರಹವೊಂದೇ ನಿಂತಿದ್ದು, ಊಟ, ನಿದ್ದೆ, ಹರಟೆ, ಸಿನಿಮಾ ಎಲ್ಲ ಎಂದಿನಂತೆ ರುಚಿಸುತ್ತಿದ್ದರೆ ಮೇಲೆ ಹೇಳಿದ್ದನ್ನೆಲ್ಲ ಮಾಡಿನೋಡಿ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಕೆಟ್ಟಿದೆ, ಬದುಕೇ ಭಾರ ಅನಿಸುತ್ತಿದೆ ಅಂದರೆ ಬರಹದ ಚಿಂತೆ ಪಕ್ಕಕ್ಕಿಟ್ಟು ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಂಕಟದಿಂದಲೇ ಒಳ್ಳೆಯ ಸಾಹಿತ್ಯ ಹುಟ್ಟುತ್ತದೆ ಅಂತ ಯಾರಾದರೂ ಸಮಾಧಾನ ಹೇಳಿದರೆ ಆ ಮಾತಿಗೆ ಕಿವಿಗೊಡಬೇಡಿ.

ಕಮ್ಮಟಕ್ಕೆ ಬಂದ್ರೆ ಸರಿಹೋಗುತ್ತಾ?

ಕಮ್ಮಟದಲ್ಲಿ ಮೂರು ದಿನ ಹುರುಪು ಇರುತ್ತದೆ, ಗೆಳೆಯರಾಗುತ್ತಾರೆ, ಊಟ ಚೆನ್ನಾಗಿರುತ್ತದೆ. ಮನೆಗೆ ಹೋದ ಮೇಲಿನ ಸೋಮವಾರದ ಬಗ್ಗೆ ಅದು ಏನೂ ಮಾಡಲಾರದು. ಆದ್ದರಿಂದ ಬಂದವರಿಗೆಲ್ಲ ನಾನು ಹೇಳುವುದು ಇಷ್ಟು: ಅಲ್ಲಿ ಸಿಕ್ಕವರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ, ತೀರಾ ಹೊಗಳದ, ತೀರಾ ತೆಗಳದ ಒಬ್ಬರನ್ನು. ಪ್ರತಿ ಭಾನುವಾರ ಇಬ್ಬರೂ ಎರಡೆರಡು ಪುಟ ಕಳಿಸಿಕೊಳ್ಳಿ. ಓದಿದವರು ಎಲ್ಲಿ ಚೆನ್ನಾಗಿದೆ, ಎಲ್ಲಿ ಗಮನ ಹಾರಿತು ಅಂತ ಎರಡೇ ಮಾತು ಹೇಳಲಿ. ಗುಂಪು ಮಾಡಬೇಡಿ, ಗುಂಪಾದರೆ ಶುಭೋದಯದ ಚಿತ್ರಗಳು ಶುರುವಾಗುತ್ತವೆ.